ಹೊಟ್ಟೆ ಯಾರದು, ತೀರ್ಮಾನ ಯಾರದು?

ಹೊಟ್ಟೆಯ ಬಗ್ಗೆ ನಾವು ಬಹಳ ಬರೆದಿದ್ದೇವೆ. ಬರೆದದ್ದೆಲ್ಲ ಹಸಿದ ಹೊಟ್ಟೆಯ ಬಗ್ಗೆ. ಉಂಡ ಮೇಲೂ ಉರಿಯುವ ಹೊಟ್ಟೆಯ ಬಗ್ಗೆ ಬರೆದದ್ದು ಕಡಿಮೆ. ಹಸಿವಿಗೆ ಕಾರಣ ಯಾರು ಅಂತ ಕೇಳುವುದನ್ನು ಕಲಿತಿದ್ದೇವೆ. ರೋಗದ ಮಾತು ಬಂದಾಗ ಮಾತ್ರ ಇನ್ನೂ ಹಣೆಬರಹ ಅಂತ ಸುಮ್ಮನಾಗುತ್ತೇವೆ, ಇಲ್ಲವೇ ಡಾಕ್ಟರು ಹೇಳಿದ್ದಕ್ಕೆ ತಲೆಯಾಡಿಸಿ ಚೀಟಿ ಮಡಿಸಿಕೊಂಡು ಬಸ್ಸು ಹತ್ತುತ್ತೇವೆ. ನಮ್ಮ ದೇಹಕ್ಕೆ ಏನು ಮಾಡಬೇಕು ಅನ್ನುವುದನ್ನು ತೀರ್ಮಾನ ಮಾಡುವವರು ಯಾರು? ದೊಡ್ಡ ಪ್ರಶ್ನೆ. ಇದನ್ನು ಒಂದು ಸಾಧಾರಣ ಕಾಯಿಲೆಯನ್ನು ಮುಂದಿಟ್ಟುಕೊಂಡು ಯೋಚಿಸೋಣ. ಅದರ ಹೆಸರು ಹಯಾಟಲ್ ಹರ್ನಿಯ.

ಹರ್ನಿಯ ಅಂದರೆ ನಮ್ಮ ಊರುಗಳಲ್ಲಿ ಗೊತ್ತಿರುವುದು ತೊಡೆಸಂದಿನಲ್ಲಿ ಉಬ್ಬುವ ಗಂಟು. ಇದು ಹಾಗೆ ಹೊರಗೆ ಕಾಣುವಂಥದ್ದಲ್ಲ. ಎದೆಗೂಡಿಗೂ ಹೊಟ್ಟೆಗೂ ನಡುವೆ ಅಡ್ಡಲಾಗಿ ಒಂದು ಮಾಂಸದ ಪರದೆ ಇದೆ, ವಪೆ ಅಂತ ಸ್ಕೂಲಿನ ಪುಸ್ತಕದಲ್ಲಿ ಓದಿದ್ದೇವೆ. ಆ ಪರದೆಯಲ್ಲಿ ಒಂದು ಕಿಂಡಿ. ಅನ್ನನಾಳ ಆ ಕಿಂಡಿಯಲ್ಲಿ ತೂರಿ ಕೆಳಗಿಳಿದು ಜಠರವನ್ನು ಸೇರುತ್ತದೆ. ಕಿಂಡಿಯ ಸುತ್ತಲಿನ ಮಾಂಸ ಸಡಿಲಗೊಂಡರೆ ಜಠರದ ಮೇಲ್ಭಾಗ ಎದೆಯ ಕಡೆಗೆ ಜಾರುತ್ತದೆ. ಹುಳಿಯನ್ನು ಕೆಳಗೇ ತಡೆದಿಟ್ಟುಕೊಳ್ಳುವ ಬಾಗಿಲು ಆಗ ಸರಿಯಾಗಿ ಮುಚ್ಚುವುದಿಲ್ಲ. ಎದೆಯುರಿ, ಹುಳಿತೇಗು, ಗಂಟಲಿಗೆ ಕಹಿನೀರು, ರಾತ್ರಿ ಮಲಗಿದರೆ ಕೆಮ್ಮು, ಕೆಲವರಿಗೆ ನುಂಗಲು ಕಷ್ಟ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಇದು ಹೀಗೆ ಮೇಲೆ ಕೆಳಗೆ ಜಾರಾಡುವ ಜಾತಿಯದು. ಉಳಿದ ಕೆಲವರಲ್ಲಿ ಮಾತ್ರ ಜಠರ ಅನ್ನನಾಳದ ಪಕ್ಕದಲ್ಲೇ ನುಗ್ಗಿ ಮೇಲೆ ಕೂತುಬಿಡುತ್ತದೆ. ಅದು ತಿರುಚಿಕೊಂಡರೆ ಪ್ರಾಣಾಪಾಯ.

ಯಾಕೆ ಬರುತ್ತದೆ? ವಯಸ್ಸು, ಬೊಜ್ಜು, ಬಸಿರು, ಬಿಡದ ಕೆಮ್ಮು, ಮಲಬದ್ಧತೆಯಲ್ಲಿ ತಿಣುಕುವುದು, ಭಾರ ಎತ್ತುವುದು. ಒಟ್ಟಿನಲ್ಲಿ ಹೊಟ್ಟೆಯೊಳಗೆ ಒತ್ತಡ ಹೆಚ್ಚಿಸುವ ಎಲ್ಲವೂ. ಒಬ್ಬೊಬ್ಬರಲ್ಲಿ ಇಂಥದೇ ಕಾರಣ ಅಂತ ಬೆರಳಿಟ್ಟು ತೋರಿಸಲಾಗದು. ಉಳ್ಳವರಿಗೂ ಬರುತ್ತದೆ, ಇಲ್ಲದವರಿಗೂ ಬರುತ್ತದೆ. ಆದರೆ ಬಂದ ಮೇಲೆ ಅದರ ಜೊತೆ ಬದುಕುವುದಿದೆಯಲ್ಲ, ಅಲ್ಲಿ ಇಬ್ಬರ ದಾರಿ ಬೇರೆಯಾಗುತ್ತದೆ.

ಹಂಪಾಪುರದ ಕಡೆ ಬನ್ನಿ. ಮೈಸೂರಿಂದ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ ಹೆಗ್ಗಡದೇವನಕೋಟೆಗೆ ಮೊದಲು ಸಿಗುವ ಹೋಬಳಿ ಊರು. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಈ ಸೀಮೆ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ರಾಗಿ ಇದೆ, ಹತ್ತಿ ಇದೆ, ಶುಂಠಿ ಇದೆ. ಹೊಗೆಸೊಪ್ಪಿನ ಎಲೆಯನ್ನು ಗಿಡದ ಬುಡದಿಂದ ಶುರುಮಾಡಿ ಮೇಲಕ್ಕೆ ಹಂತಹಂತವಾಗಿ ಮುರಿಯುತ್ತಾರೆ. ಬುಡದ ಎಲೆ ಅಂದರೆ ಮೊಣಕಾಲಿಗಿಂತ ಕೆಳಗೆ. ಸಾಲು ಪೂರ್ತಿ ಬಗ್ಗಿಯೇ ಹೋಗಬೇಕು. ಮುರಿದ ಸೊಪ್ಪನ್ನು ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ತರಬೇಕು, ಕಡ್ಡಿಗೆ ಕಟ್ಟಬೇಕು, ಬ್ಯಾರನ್ನಿಗೆ ಏರಿಸಬೇಕು. ಬ್ಯಾರನ್ ಹತ್ತಿಸಿದ ಮೇಲೆ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಊಟ ಆಗೋದು ಸರಿಹೊತ್ತಿಗೆ. ಉಂಡ ಬಾಯಿ ತೊಳೆದು ಅಲ್ಲೇ ಗೋಣಿಚೀಲದ ಮೇಲೆ ಉರುಳುವುದು.

ಈಗ ಆಸ್ಪತ್ರೆಯ ಚೀಟಿಯನ್ನು ಓದಿ. ಬಗ್ಗಬೇಡ. ಭಾರ ಎತ್ತಬೇಡ. ಒಂದೇ ಸಲಕ್ಕೆ ಹೊಟ್ಟೆ ತುಂಬ ಉಣ್ಣಬೇಡ, ಸ್ವಲ್ಪಸ್ವಲ್ಪವಾಗಿ ಐದಾರು ಸಲ ತಿನ್ನು. ಉಂಡ ಮೂರು ಗಂಟೆ ಮಲಗಬೇಡ. ಮಂಚದ ತಲೆಯ ಕಡೆ ಕಾಲುಗಳಿಗೆ ಆರರಿಂದ ಎಂಟು ಇಂಚು ಇಟ್ಟಿಗೆ ಕೊಡು. ಸೊಂಟಕ್ಕೆ ಬಿಗಿಯಾಗಿ ಬಟ್ಟೆ ಕಟ್ಟಬೇಡ. ಹೊಗೆಸೊಪ್ಪು, ಹೆಂಡ ಬಿಡು. ಮಾತ್ರೆಯನ್ನು ತಿಂಡಿಗೆ ಅರ್ಧಗಂಟೆ ಮೊದಲು ನುಂಗು.

ಒಂದೊಂದೂ ಸರಿಯಾದ ಮಾತು. ವಿಜ್ಞಾನ ಒಪ್ಪಿದ ಮಾತು. ಆದರೆ ಈ ಚೀಟಿ ಯಾರಿಗೆ ಬರೆದದ್ದು? ಮಂಚ ಇರುವವರಿಗೆ. ಹೊತ್ತುಹೊತ್ತಿಗೆ ತಿನ್ನಲು ಬಿಡುವಿರುವವರಿಗೆ. ಬಗ್ಗದೆಯೂ ಅನ್ನ ಹುಟ್ಟುವವರಿಗೆ. ಮಧ್ಯಾಹ್ನ ಒಂದು ಮುದ್ದೆ, ರಾತ್ರಿ ಒಂದು ಮುದ್ದೆ ಉಂಡು ಎರಡರ ನಡುವೆ ಬೆನ್ನೆತ್ತದೆ ದುಡಿಯುವ ಹೆಣ್ಣಾಳಿಗೆ 'ಬಗ್ಗಬೇಡ' ಅನ್ನುವುದೂ 'ಉಣ್ಣಬೇಡ' ಅನ್ನುವುದೂ ಒಂದೇ. ಸಾವಿರಾರು ವರ್ಷ ಬಗ್ಗು ಬಗ್ಗು ಅಂದ ಸಮಾಜ ಈಗ ಬಿಳಿಕೋಟು ಹಾಕಿಕೊಂಡು ಬಗ್ಗಬೇಡ ಅನ್ನುತ್ತಿದೆ. ಕೇಳಲು ಹಿತವಾಗಿದೆ. ಆದರೆ ಬಗ್ಗದ ದಿನದ ಕೂಲಿಯನ್ನು ಯಾರು ಕೊಡುತ್ತಾರೆ ಅನ್ನುವುದನ್ನು ಚೀಟಿಯಲ್ಲಿ ಬರೆದಿಲ್ಲ.

ನಮ್ಮ ಮನೆಯಲ್ಲೂ ಈ ಕಾಯಿಲೆ ಇದೆ, ನಮ್ಮವ್ವನಿಗೆ. ವರ್ಷಗಟ್ಟಲೆ ಅದಕ್ಕೆ 'ಗ್ಯಾಸು' ಅಂತ ಹೆಸರು. ಜೀರಿಗೆ ನೀರು, ಅಡಿಗೆ ಸೋಡ, ಅಂಗಡಿಯ ಪುಡಿ. ಆಮೇಲೆ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಬಾಯಿಯಿಂದ ಟ್ಯೂಬು ಇಳಿಸಿ ನೋಡಿ ಹರ್ನಿಯ ಅಂದರು. ಅಲ್ಲಿ ನಡೆದದ್ದು ಇಷ್ಟು. ಕುರ್ಚಿಯಲ್ಲಿ ಕೂತವಳು ಅವ್ವ. ಡಾಕ್ಟರು ಮಾತಾಡಿದ್ದು ಅವಳ ತಲೆಯ ಮೇಲಿಂದ, ನಿಂತಿದ್ದ ನಮ್ಮ ಜೊತೆ, ಇಂಗ್ಲಿಷಿನಲ್ಲಿ. ನಾವು ಡಿಗ್ರಿ ಓದಿದವರು ಅಂತ ಗೊತ್ತಾದದ್ದೇ ತಡ, ರೋಗಿ ಯಾರು ಅನ್ನುವುದೇ ಮರೆತುಹೋಯಿತು. ಆಪರೇಷನ್ ಮಾಡಿಸ್ತೀರಾ, ಮಾತ್ರೆಯಲ್ಲೇ ಇರ್ತೀರಾ, ಬೇಗ ಹೇಳಿ, ಹೊರಗೆ ಜನ ಇದ್ದಾರೆ.

ಗೆಳೆಯರೇ, ಇಲ್ಲಿ ನಿಲ್ಲಬೇಕು. ಮೊದಲ ತಲೆಮಾರಿನಲ್ಲಿ ಓದಿದ ನಮ್ಮಂಥವರೆಲ್ಲರ ಮುಂದೆ ಈ ಪ್ರಶ್ನೆ ಬರುತ್ತದೆ. ಮನೆಗೆ ನಾವೇ ಕಣ್ಣು, ನಾವೇ ಕಿವಿ, ನಾವೇ ಸಹಿ. ಹೆಬ್ಬೆಟ್ಟಿನವರ ಪರವಾಗಿ ನಾವು ಸಹಿ ಹಾಕುವುದು ಸಹಾಯವೂ ಹೌದು, ಅಧಿಕಾರವೂ ಹೌದು. ಶಾನುಭೋಗ ಮಾಡುತ್ತಿದ್ದದ್ದೂ ಅದನ್ನೇ ಅಲ್ಲವೇ? ನಾವು ಅವ್ವನಿಗೆ ಎಲ್ಲವನ್ನೂ ಕನ್ನಡದಲ್ಲಿ, ನಮ್ಮ ಹಟ್ಟಿಯ ಕನ್ನಡದಲ್ಲಿ ಹೇಳಿದೆವು. ಅವಳು ಕೇಳಿದ ಪ್ರಶ್ನೆಯನ್ನು ಡಾಕ್ಟರೂ ಕೇಳಿರಲಿಲ್ಲ, ನಾವೂ ಕೇಳಿರಲಿಲ್ಲ: "ಕೊಯ್ದ ಮ್ಯಾಲೆ ಎಷ್ಟು ದಿನ ಹೊರೆ ಎತ್ತಬಾರ್ದು?" ನಾಲ್ಕರಿಂದ ಆರು ವಾರ ಅಂದರು. "ಸೊಪ್ಪು ಮುರಿಯೋ ಕಾಲ್ದಲ್ಲಿ ಆಗದಿಲ್ಲ. ಮಾತ್ರೆ ಕೊಡಲಿ. ಸೊಪ್ಪು ಮುಗೀಲಿ, ಆಮೇಲೂ ಉರಿ ನಿಲ್ದೆ ಇದ್ರೆ ಯೋಚ್ನೆ ಮಾಡುಮ" ಅಂದಳು. ಅದನ್ನು ಕೇಳಿ ಅಲ್ಲಿದ್ದವರೊಬ್ಬರು, ಈ ಜನಕ್ಕೆ ತಿಳುವಳಿಕೆ ಕಮ್ಮಿ ಅಂದರು.

ತಿಳುವಳಿಕೆ ಕಮ್ಮಿ ಯಾರಿಗೆ? ಲೆಕ್ಕ ಹಾಕೋಣ.

ಈ ಕಾಯಿಲೆಗೆ ಹೆಸರಾದ ಆಪರೇಷನ್ನನ್ನು ಮಾಡಿದವನು ರುಡಾಲ್ಫ್ ನಿಸ್ಸೆನ್ ಎಂಬ ಸರ್ಜನ್. ಯೆಹೂದಿ ಮೂಲದವನು. 1933ರಲ್ಲಿ ನಾಜಿಗಳು ಬಂದಾಗ ಜರ್ಮನಿ ಬಿಟ್ಟು ಇಸ್ತಾಂಬುಲ್‌ಗೆ, ಅಲ್ಲಿಂದ ಅಮೆರಿಕಕ್ಕೆ, ಕೊನೆಗೆ ಸ್ವಿಟ್ಜರ್‌ಲೆಂಡಿನ ಬಾಸೆಲ್‌ಗೆ ಹೋದ. ಹುಟ್ಟಿನ ಕಾರಣಕ್ಕೆ ಓಡಿಸಲ್ಪಟ್ಟವನ ಕೈ ಅದು. 1955ರಲ್ಲಿ ಬಾಸೆಲ್‌ನಲ್ಲಿ ಅವನು ಜಠರದ ಮೇಲ್ಭಾಗವನ್ನು ಅನ್ನನಾಳದ ಕೆಳತುದಿಯ ಸುತ್ತ ಶಾಲಿನಂತೆ ಸುತ್ತಿ ಹೊಲಿದು, ಹುಳಿ ಮೇಲೇರದಂತೆ ಮಾಡಿದ. 1991ರಿಂದ ಇದನ್ನೇ ಸಣ್ಣ ತೂತುಗಳ ಮೂಲಕ, ಕ್ಯಾಮೆರಾ ಇಳಿಸಿ ಮಾಡುತ್ತಾರೆ. ಒಳ್ಳೆಯ ಆಪರೇಷನ್. ಬಹಳ ಜನಕ್ಕೆ ನಿದ್ದೆ ಕೊಟ್ಟಿದೆ. ಆದರೆ ಅದಕ್ಕೂ ಬೆಲೆ ಇದೆ. ಕೆಲವರಿಗೆ ಆಮೇಲೆ ತೇಗು ಬರುವುದಿಲ್ಲ, ವಾಂತಿ ಬಂದರೂ ಆಗುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ, ನುಂಗಿದ್ದು ಕೆಲಕಾಲ ಎದೆಯಲ್ಲಿ ನಿಲ್ಲುತ್ತದೆ.

ಮಾತ್ರೆಯ ದಾರಿ ಇನ್ನೊಂದು. ಓಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಎಂಬ ಮಾತ್ರೆಗಳು ಜಠರದಲ್ಲಿ ಹುಳಿ ಹುಟ್ಟುವುದನ್ನೇ ತಗ್ಗಿಸುತ್ತವೆ. ಜಾರಿದ ಜಠರವನ್ನು ಅವು ಕೆಳಗಿಳಿಸುವುದಿಲ್ಲ, ಉರಿಯನ್ನು ಆರಿಸುತ್ತವೆ. ಹುಳಿ ಮೇಲೇರುವ ಕಾಯಿಲೆಯ 554 ಮಂದಿಯನ್ನು ಯೂರೋಪಿನಲ್ಲಿ ಎರಡು ಪಾಲು ಮಾಡಿ ಐದು ವರ್ಷ ಗಮನಿಸಿ 2011ರಲ್ಲಿ ಲೆಕ್ಕ ಕೊಟ್ಟರು. ಮಾತ್ರೆಯವರಲ್ಲಿ ಶೇಕಡಾ 92, ಆಪರೇಷನ್ನಿನವರಲ್ಲಿ ಶೇಕಡಾ 85 ಮಂದಿಗೆ ಕಾಯಿಲೆ ಹತೋಟಿಯಲ್ಲಿತ್ತು. ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಆಪರೇಷನ್ ಮಾಡಿಸಿಕೊಂಡು ಸುಮಾರು ಹತ್ತು ವರ್ಷ ಆದವರಲ್ಲಿ ಶೇಕಡಾ 62 ಮಂದಿ ಮತ್ತೆ ಮಾತ್ರೆ ನುಂಗುತ್ತಿದ್ದರು. ಅಂದರೆ ಮಾತ್ರೆಯಲ್ಲೇ ಇರುತ್ತೇನೆ ಅಂದ ಹೆಂಗಸು ಮೂಢಳಲ್ಲ. ತಜ್ಞರು ವರ್ಷಗಟ್ಟಲೆ ಅಳೆದು ಮುಟ್ಟಿದ ಎರಡು ದಾರಿಗಳಲ್ಲಿ ಒಂದರ ಮೇಲೆ ಅವಳು ನಿಂತಿದ್ದಾಳೆ. ಇನ್ನೊಂದನ್ನು ಆರಿಸಿಕೊಂಡಿದ್ದರೂ ಅವಳು ಮೂಢಳಲ್ಲ. ಮಾತ್ರೆಗೆ ಬಗ್ಗದ ಉರಿ ಇರುವವರಿಗೆ, ಹುಳಿ ಉಸಿರುನಾಳಕ್ಕೆ ಇಳಿಯುವವರಿಗೆ, ಅನ್ನನಾಳ ಕಿರಿದಾಗುತ್ತಿರುವವರಿಗೆ, ಜೀವಮಾನವೆಲ್ಲ ಮಾತ್ರೆ ಬೇಡ ಅನ್ನುವವರಿಗೆ ಆಪರೇಷನ್ ನ್ಯಾಯವಾದ ದಾರಿಯೇ.

ತಜ್ಞರ ಮಾತೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಜಠರ ಪಕ್ಕದಲ್ಲಿ ನುಗ್ಗಿ ಕೂರುವ ಆ ಅಪರೂಪದ ಬಗೆಯನ್ನು ಕಂಡಕೂಡಲೇ ಕೊಯ್ಯಬೇಕು, ತೊಂದರೆ ಇಲ್ಲದಿದ್ದರೂ ಬಿಡಬಾರದು ಎಂಬ ಅಭಿಪ್ರಾಯ 1967ರ ಒಂದು ವರದಿಯಿಂದ ಬೇರೂರಿತು. 2002ರಲ್ಲಿ ಅಮೆರಿಕದ ಸರ್ಜನ್‌ಗಳು ಮತ್ತೆ ಲೆಕ್ಕ ಹಾಕಿದರು. ತೊಂದರೆ ಇಲ್ಲದವರಲ್ಲಿ ತುರ್ತು ಆಪರೇಷನ್ ಬೇಕಾಗುವ ಸಂಭವ ವರ್ಷಕ್ಕೆ ನೂರಕ್ಕೆ ಸುಮಾರು ಒಬ್ಬರಿಗೆ. ಹಾಗಾಗಿ ಕಾದು ನೋಡುವುದೂ ಚಿಕಿತ್ಸೆಯೇ ಅಂದರು. ಡಾಕ್ಟರು ಸುಳ್ಳು ಹೇಳುತ್ತಾರೆ ಅಂತ ಇದರ ಅರ್ಥವಲ್ಲ. ವಿಜ್ಞಾನ ಪ್ರಶ್ನೆ ಕೇಳಿಯೇ ಬೆಳೆದದ್ದು. ಹಾಗಿರುವಾಗ ರೋಗಿ ಪ್ರಶ್ನೆ ಕೇಳಿದರೆ ಅದು ಉದ್ಧಟತನ ಹೇಗಾಗುತ್ತದೆ?

ಇದೇ ನಿಸ್ಸೆನ್ನನ ಇನ್ನೊಬ್ಬ ರೋಗಿಯ ಹೆಸರು ನಿಮಗೆಲ್ಲ ಗೊತ್ತು. ಆಲ್ಬರ್ಟ್ ಐನ್‌ಸ್ಟೈನ್. 1948ರಲ್ಲಿ ಅವರ ಹೊಟ್ಟೆಯ ದೊಡ್ಡ ರಕ್ತನಾಳ ಊದಿಕೊಂಡಿದ್ದಾಗ ನಿಸ್ಸೆನ್ ಅದಕ್ಕೆ ಸೆಲ್ಲೋಫೇನ್ ಸುತ್ತಿ ಭದ್ರ ಮಾಡಿದ. 1955ರ ಏಪ್ರಿಲ್‌ನಲ್ಲಿ ಆ ನಾಳ ಒಡೆಯಿತು. ಮತ್ತೆ ಆಪರೇಷನ್ ಮಾಡೋಣ ಅಂದ ಡಾಕ್ಟರುಗಳಿಗೆ ಐನ್‌ಸ್ಟೈನ್ ಬೇಡ ಅಂದರು. ಕೃತಕವಾಗಿ ಬದುಕನ್ನು ಎಳೆಯುವುದು ಅವರಿಗೆ ಇಷ್ಟವಿರಲಿಲ್ಲ. ಏಪ್ರಿಲ್ 18ರಂದು ತೀರಿಕೊಂಡರು. ಲೋಕ ಅದನ್ನು ಧೀಮಂತಿಕೆ ಅಂತ ಕರೆಯಿತು. ಹಂಪಾಪುರ ಹೋಬಳಿಯ ಕೂಲಿಯ ಹೆಂಗಸು, ಅದೂ ಪ್ರಾಣಕ್ಕೆ ಅಪಾಯವಿಲ್ಲದ ಕಾಯಿಲೆಗೆ, ಈಗ ಬೇಡ ಅಂದರೆ ಅದು ತಿಳುವಳಿಕೆ ಕಮ್ಮಿ. 'ಬೇಡ' ಎಂಬ ಮಾತು ಒಂದೇ. ಅದು ಯಾರ ಬಾಯಿಂದ ಬಂತು ಅನ್ನುವುದನ್ನು ನೋಡಿ ಬೆಲೆ ಕಟ್ಟುವ ಚಾಳಿ ನಮ್ಮ ದೇಶಕ್ಕೆ ಹೊಸದಲ್ಲ.

ಕಾನೂನು ಈ ವಿಷಯದಲ್ಲಿ ಸಮಾಜಕ್ಕಿಂತ ಮುಂದಿದೆ. 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಎಂಬ ಹೆಂಗಸಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಪರೀಕ್ಷೆಗೆ ಅಂತ ಮತ್ತುಬರಿಸಿ ಮಲಗಿಸಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಅವರ ಗರ್ಭಕೋಶವನ್ನು ತೆಗೆದಿದ್ದರು. ಪ್ರಾಯಕ್ಕೆ ಬಂದ, ಬುದ್ಧಿ ನೆಟ್ಟಗಿರುವ ರೋಗಿಯ ಬದಲಿಗೆ ಮನೆಯವರ ಒಪ್ಪಿಗೆ ನಡೆಯುವುದಿಲ್ಲ, ಪ್ರಾಣಾಪಾಯದ ತುರ್ತು ಇಲ್ಲದಿದ್ದರೆ ಎಚ್ಚರವಾಗುವ ತನಕ ಕಾಯಬೇಕು ಅಂದಿತು ಕೋರ್ಟು. ಯಾವ ಚಿಕಿತ್ಸೆ, ಅದರ ಅಪಾಯವೇನು, ಬೇರೆ ದಾರಿ ಏನಿದೆ, ಮಾಡಿಸದಿದ್ದರೆ ಏನಾಗುತ್ತದೆ ಅಂತ ಡಾಕ್ಟರು ಹೇಳಲೇಬೇಕು. ತಾಯಿಯೇ ಮಗಳ ಪರವಾಗಿ ಹೂಂ ಅನ್ನಲಾಗದು ಅಂದಮೇಲೆ, ಡಿಗ್ರಿಯ ಮಗ ಹೆಬ್ಬೆಟ್ಟಿನ ತಾಯಿಯ ಪರವಾಗಿ ಹೇಗೆ ಅನ್ನಲಾದೀತು?

ಇನ್ನೊಂದು ತೀರ್ಪು 1996ರದು. ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದ ಒಬ್ಬ ಕೂಲಿಯನ್ನು ಹಾಸಿಗೆ ಇಲ್ಲ ಅಂತ ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಹಿಂದಕ್ಕೆ ಕಳಿಸಿದವು. ಆ ರಾಜ್ಯದ ಹೊಲಗೂಲಿಗಳ ಸಂಘ, ಖೇತ್ ಮಜ್ದೂರ್ ಸಮಿತಿ, ಸುಪ್ರೀಂ ಕೋರ್ಟಿಗೆ ಹೋಯಿತು. ತುರ್ತು ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ಕೋರ್ಟು ಹೇಳಿತು. ಚಿಕಿತ್ಸೆ ಕೊಡಿ ಅನ್ನುವ ಹಕ್ಕು, ತಿಳಿಸಿ ಹೇಳಿ ಅನ್ನುವ ಹಕ್ಕು, ಈಗ ಬೇಡ ಅನ್ನುವ ಹಕ್ಕು. ಮೂರೂ ನಮ್ಮದೇ.

ಹಾಗಾದರೆ ನಮ್ಮವ್ವನ ತೀರ್ಮಾನ ಸ್ವತಂತ್ರ ತೀರ್ಮಾನವೇ? ಇಲ್ಲಿ ನಮ್ಮನ್ನು ನಾವು ಪುಸಲಾಯಿಸಿಕೊಳ್ಳಬಾರದು. ಅರ್ಧ ಮಾತ್ರ ಸ್ವತಂತ್ರ. ಉರಿಯನ್ನೂ ಕೂಲಿಯನ್ನೂ ತಕ್ಕಡಿಯಲ್ಲಿಟ್ಟು ಅವಳು ತೂಗಿದಳು. ತೂಗಿದ ಕೈ ಅವಳದೇ, ತಕ್ಕಡಿ ಮಾತ್ರ ಬೇರೆಯವರದು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ಖರ್ಚು ಕೊಡುತ್ತದೆ. ಒಳ್ಳೆಯದು. ಆದರೆ ದುಡ್ಡು ಹೋಗುವುದು ಆಸ್ಪತ್ರೆಗೆ. ಮನೆಯಲ್ಲಿ ಆರು ವಾರ ಕೂತವಳ ಒಲೆಗೆ ಅಲ್ಲ. ಕಾರ್ಖಾನೆಯ ಕೆಲಸಗಾರನಿಗೆ ಕಾಯಿಲೆ ಬಿದ್ದರೆ ಮನೆಯಲ್ಲಿದ್ದೂ ಕೂಲಿ ಸಿಗಬೇಕು ಎಂಬ ತತ್ವವನ್ನು 1948ರ ಇ.ಎಸ್.ಐ. ಕಾಯ್ದೆಯೇ ಒಪ್ಪಿತ್ತು. ಹಾಗೆ ಬಂದ ಸೌಲಭ್ಯ ಕೂಲಿಯ ಶೇಕಡಾ 70, ವರ್ಷಕ್ಕೆ 91 ದಿನದವರೆಗೆ. ಹೊಲದ ಕೂಲಿಗೆ ಆ ತತ್ವ ಇವತ್ತಿಗೂ ತಲುಪಿಲ್ಲ. ಹೊಲದವಳ ಹೊಟ್ಟೆಗೂ ಕಾರ್ಖಾನೆಯವನ ಹೊಟ್ಟೆಗೂ ನಡುವಿನ ಆ ವಪೆಯಲ್ಲಿ ಒಂದು ಕಿಂಡಿಯನ್ನೂ ಬಿಟ್ಟಿಲ್ಲ. ವಿಶ್ರಾಂತಿಯೂ ಚಿಕಿತ್ಸೆಯ ಒಂದು ಭಾಗ ಅಂದಮೇಲೆ, ವಿಶ್ರಾಂತಿಯ ಕೂಲಿಯೂ ಚಿಕಿತ್ಸೆಯ ಖರ್ಚೇ ಅಲ್ಲವೇ?

ಇನ್ನು ಕರ್ಮದ ಮಾತು. ಅಂಬೇಡ್ಕರ್ ತೀರಿಕೊಂಡ ಮರುವರ್ಷ, 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದ ಪೀಠಿಕೆಯಲ್ಲಿ ಅವರು ಒಂದು ಸರಳ ಪ್ರಶ್ನೆ ಎತ್ತಿದ್ದಾರೆ. ಇಪ್ಪತ್ತೊಂಬತ್ತು ವರ್ಷದವನಾಗುವ ತನಕ ಸಿದ್ಧಾರ್ಥ ಒಬ್ಬ ರೋಗಿಯನ್ನೂ ನೋಡಿರಲಿಲ್ಲ ಎಂಬ ಕತೆಯನ್ನು ಹೇಗೆ ನಂಬುವುದು? ನಮ್ಮ ಹಟ್ಟಿಯ ಮಗುವಿಗೆ ಆ ಪ್ರಶ್ನೆ ಬೇಗ ಅರ್ಥವಾಗುತ್ತದೆ. ಅದು ರೋಗವನ್ನು ನೋಡುತ್ತಲೇ ತೆವಳುವುದನ್ನು ಕಲಿಯುತ್ತದೆ. ಹಿಂದಿನ ಜನ್ಮದ ಪಾಪ ಅನ್ನುವ ಮಾತನ್ನು ನಾವು ಒದ್ದು ಹೊರಗೆ ಹಾಕಿದ್ದೇವೆ ಅಂದುಕೊಂಡಿದ್ದೇವೆ. ಅದು ಈಗ ಬೇರೆ ವೇಷದಲ್ಲಿ ಒಳಗೆ ಬರುತ್ತಿದೆ: ನಿನ್ನ ಊಟ ಸರಿಯಿಲ್ಲ, ನಿನ್ನ ಅಭ್ಯಾಸ ಸರಿಯಿಲ್ಲ, ಅದಕ್ಕೇ ನಿನಗೆ ಕಾಯಿಲೆ. ಅಭ್ಯಾಸ ತಿದ್ದಿಕೊಳ್ಳುವುದು ಬೇರೆ, ಅಪರಾಧಿಯಾಗುವುದು ಬೇರೆ. ಎಲೆಯಡಿಕೆಯ ಜೊತೆಯ ಹೊಗೆಸೊಪ್ಪನ್ನು ಬಿಡು ಅಂದರೆ ಬಿಡೋಣ, ಅದು ನಮ್ಮ ಕೈಯಲ್ಲಿದೆ. ಸರಿಹೊತ್ತಿನ ಊಟ ನಮ್ಮ ಅಭ್ಯಾಸ ಅಲ್ಲ, ಬ್ಯಾರನ್ನಿನ ಅಭ್ಯಾಸ.

ಹಳ್ಳಿಯ ಮೇಷ್ಟ್ರುಗಳು, ವಿದ್ಯಾರ್ಥಿ ಗೆಳೆಯರು ಕೆಲವು ವಿಷಯಗಳನ್ನು ಮನೆಮನೆಗೆ ಮುಟ್ಟಿಸಬೇಕು. ಎದೆನೋವು ಬಂದರೆ ಗ್ಯಾಸು ಅಂತ ಸೋಡ ಕುಡಿದು ಕೂರಬಾರದು, ಮೊದಲು ಹೃದಯವನ್ನು ಇ.ಸಿ.ಜಿ. ಮಾಡಿಸಿ ನೋಡಿಸಬೇಕು. ನುಂಗಲು ಕಷ್ಟ, ಕಪ್ಪು ಮಲ, ರಕ್ತವಾಂತಿ, ಕಾರಣವಿಲ್ಲದೆ ಮೈ ಇಳಿಯುವುದು ಕಂಡರೆ ಬೆಳೆ ಮುಗಿಯಲಿ ಅಂತ ಕಾಯುವ ಹಾಗಿಲ್ಲ. ತಡೆಯಲಾಗದ ನೋವು ಬಂದು, ಓಕರಿಕೆ ಇದ್ದೂ ವಾಂತಿ ಆಗದಿದ್ದರೆ ಆ ಗಂಟೆಯೇ ಆಸ್ಪತ್ರೆಗೆ. ದೊಡ್ಡ ಹರ್ನಿಯ ಇದ್ದವರಲ್ಲಿ ಜಠರದ ಒಳಮೈ ಉಜ್ಜಿ ಗಾಯವಾಗಿ ಸ್ವಲ್ಪಸ್ವಲ್ಪವೇ ರಕ್ತ ಸೋರುವುದುಂಟು. ನಮ್ಮ ಹೆಂಗಸರಿಗೆ ರಕ್ತ ಕಮ್ಮಿ ಅಂದಾಗ ಸೊಪ್ಪು ತಿನ್ನು ಅಂತ ಕಳಿಸುವುದು ಸುಲಭ. ರಕ್ತ ಎಲ್ಲಿ ಹೋಗುತ್ತಿದೆ ಅಂತ ಕೇಳುವುದು ಕಷ್ಟ. ಕೇಳಬೇಕು. ಮಂಚವಿಲ್ಲದವರು ತಲೆಯ ಕಡೆಯಿಂದ ಸೊಂಟದ ತನಕ ಹಲಗೆಯನ್ನು ಇಳಿಜಾರು ಮಾಡಿ ಮಲಗಬಹುದು, ಎಡಮಗ್ಗುಲು ಒಳ್ಳೆಯದು. ಮುದ್ದೆಯನ್ನು ಎರಡು ಪಾಲು ಮಾಡಿ ಹೊತ್ತು ಮುಳುಗುವ ಮೊದಲೇ ಒಂದು ಪಾಲು ಉಣ್ಣಬಹುದು. ಇವು ಸಣ್ಣವು, ಆದರೆ ರಾತ್ರಿಯ ಉರಿ ಸಣ್ಣದಲ್ಲ.

ಆಸ್ಪತ್ರೆಯಲ್ಲಿ ಕೇಳಬೇಕಾದ್ದು ಐದು ಪ್ರಶ್ನೆ. ಇದು ಯಾವ ಬಗೆಯ ಹರ್ನಿಯ? ಆಪರೇಷನ್ ಮಾಡದಿದ್ದರೆ ಏನಾಗುತ್ತದೆ? ಮಾಡಿದರೆ ಏನು ಸಿಗುತ್ತದೆ, ಏನು ಹೋಗುತ್ತದೆ? ಮತ್ತೆ ಬರುವ ಸಂಭವ ಎಷ್ಟು? ಎಷ್ಟು ದಿನ ದುಡಿಯಬಾರದು? ಇವನ್ನು ಕನ್ನಡದಲ್ಲಿ ಕೇಳಬೇಕು, ಉತ್ತರವನ್ನು ಕನ್ನಡದಲ್ಲಿ ಪಡೆಯಬೇಕು. ಉತ್ತರ ರೋಗಿಯ ಮುಖ ನೋಡಿ ಬರಬೇಕು. 'ಯೋಚನೆ ಮಾಡಿ ಹೇಳ್ತೀವಿ ಸಾ' ಅಂತ ಎದ್ದುಬರುವುದು ಅವಿಧೇಯತೆಯಲ್ಲ, ಅದು ಮರ್ಯಾದೆ. ಆ ಮಾತನ್ನು ಡಾಕ್ಟರ ಮುಂದೆ ಆಡಲು ಕಲಿತ ನಾಲಿಗೆ ನಾಳೆ ಬ್ಯಾರನ್ನಿನ ಒಡೆಯನ ಮುಂದೆಯೂ ಆಡುತ್ತದೆ.

ದೇಹ ನಮ್ಮದು ಅಂತ ಹೇಳುವುದು ಸುಲಭ. ಅದನ್ನು ನಮ್ಮದಾಗಿ ಮಾಡಿಕೊಳ್ಳಲು ಎರಡು ಬೇಕು: ತಿಳಿದು ತೀರ್ಮಾನಿಸುವ ಧೈರ್ಯ, ತೀರ್ಮಾನಿಸಿದ ಮೇಲೆ ಮಲಗಿ ಎದ್ದೇಳಲು ಆರು ವಾರದ ಅನ್ನ. ಮೊದಲನೆಯದನ್ನು ನಾವು ಒಬ್ಬರಿಗೊಬ್ಬರು ಕಲಿಸಿಕೊಳ್ಳಬಹುದು. ಎರಡನೆಯದನ್ನು ಒಟ್ಟಾಗಿ ಕೇಳಿ ಪಡೆಯಬೇಕು.